ಹತ್ತು ಲಕ್ಷ ಮೇಲ್, ಒಂದು ಕೋಟಿ ಮೇಲ್: ಟ್ರಾಯ್ ಬಾಗಿಲು ತಟ್ಟಿದ ಎರಡು ಅಭಿಯಾನಗಳ ಪ್ರಕರಣ ಅಧ್ಯಯನ

ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರೆ ಸರ್ಕಾರ ಕದಲುತ್ತದೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ. ಒಂದು, ಅದೆಲ್ಲ ಅರಣ್ಯರೋದನ. ಇನ್ನೊಂದು, ಜನ ಒಟ್ಟಾದರೆ ಯಾರೂ ತಡೆಯಲಾರರು. ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡಿದ ಪ್ರಕರಣವೊಂದು ನಮ್ಮಲ್ಲೇ ಇದೆ. 2015ರ ಏಪ್ರಿಲ್‌ನಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಟ್ರಾಯ್‌ಗೆ, ನೆಟ್ ನ್ಯೂಟ್ರಾಲಿಟಿ (ಎಲ್ಲ ತಾಣ, ಆ್ಯಪ್‌ಗಳ ಡೇಟಾವನ್ನೂ ಭೇದವಿಲ್ಲದೆ ನೋಡುವ ತತ್ವ) ಉಳಿಸಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್ ಬಂದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ಟ್ರಾಯ್‌ಗೆ ಫೇಸ್‌ಬುಕ್ ತನ್ನ ಬಳಕೆದಾರರಿಂದ ಫ್ರೀ ಬೇಸಿಕ್ಸ್ ಎಂಬ ತನ್ನ ಪುಕ್ಕಟೆ ಇಂಟರ್ನೆಟ್ ಯೋಜನೆಯ ಪರವಾಗಿ ಮೇಲ್ ಕಳಿಸಿತು. ಆ ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ ಆ ಸಂಖ್ಯೆ ಒಂದು ಕೋಟಿ ದಾಟಿತ್ತು. 2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿದಾಗ ಗೆದ್ದದ್ದು ಸಣ್ಣ ಸಂಖ್ಯೆ.

ಕಚೇರಿ ಅದೇ, ವಿಷಯ ಹೆಚ್ಚುಕಡಿಮೆ ಅದೇ, ಎಂಟು ತಿಂಗಳ ಅಂತರ. ಸಂಖ್ಯೆಯೇ ಎಲ್ಲ ಎನ್ನುವವರ ವಾದ ಇಲ್ಲಿ ಬಿದ್ದುಹೋಗುತ್ತದೆ. ಏನೂ ಆಗುವುದಿಲ್ಲ ಎನ್ನುವವರ ವಾದವೂ ನಿಲ್ಲುವುದಿಲ್ಲ.

ಶುರುವಾದದ್ದು ಹೇಗೆ

2014ರ ಡಿಸೆಂಬರ್ ಕೊನೆಯ ವಾರ ಏರ್‌ಟೆಲ್, ಸ್ಕೈಪ್ ವೈಬರ್‌ನಂಥ ಆ್ಯಪ್‌ಗಳ ಮೂಲಕ ಮಾಡುವ ಕರೆಗೆ ಬೇರೆ ಡೇಟಾ ದರ ಹಾಕುವುದಾಗಿ ಹೇಳಿತು. ಗಲಾಟೆಯಾಯಿತು. ಟ್ರಾಯ್ ಈ ಬಗ್ಗೆ ಸಮಾಲೋಚನೆ ನಡೆಸಲಿದೆ ಎಂಬ ಕಾರಣ ಕೊಟ್ಟು ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. ಆ ಸಮಾಲೋಚನಾ ಪತ್ರ 2015ರ ಮಾರ್ಚ್ 27ರಂದು ಹೊರಬಿತ್ತು. 118 ಪುಟ, ಇಂಗ್ಲಿಷ್‌ನಲ್ಲಿ, ಕೊನೆಯಲ್ಲಿ 20 ಪ್ರಶ್ನೆ. ವಾಟ್ಸ್‌ಆ್ಯಪ್‌ನಂಥ ಸೇವೆಗಳಿಗೂ ಟೆಲಿಕಾಂ ಕಂಪನಿಗಳಂತೆ ಲೈಸೆನ್ಸ್ ಬೇಕೇ, ಅವು ಟೆಲಿಕಾಂ ಕಂಪನಿಗಳಿಗೆ ದುಡ್ಡು ಕಟ್ಟಬೇಕೇ, ಎಲ್ಲ ಡೇಟಾವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ ಎಂಬುದು ಪ್ರಶ್ನೆಗಳ ಸಾರ. ಅಭಿಪ್ರಾಯ ಕಳಿಸಲು ಏಪ್ರಿಲ್ 24 ಗಡುವು, ಬೇರೆಯವರ ಅಭಿಪ್ರಾಯಕ್ಕೆ ಪ್ರತಿ ಅಭಿಪ್ರಾಯ ಕೊಡಲು ಮೇ 8.

ಇಂಥ ಪತ್ರಗಳಿಗೆ ಅಲ್ಲಿಯವರೆಗೆ ಉತ್ತರ ಬರುತ್ತಿದ್ದುದು ಬೆರಳೆಣಿಕೆಯಷ್ಟು. ಟೆಲಿಕಾಂ ಕಂಪನಿಗಳು, ಅವುಗಳ ಸಂಘ, ಒಂದೆರಡು ಗ್ರಾಹಕ ಸಂಸ್ಥೆ, ಅಷ್ಟೇ. ಬಾಗಿಲು ಕಾನೂನಿನ ಪ್ರಕಾರ ತೆರೆದೇ ಇರುತ್ತಿತ್ತು. ಅದರ ಮುಂದೆ 118 ಪುಟಗಳ ಗೋಡೆ ಇತ್ತು.

ಮೊದಲ ಅಭಿಯಾನದ ಒಳಗಿನ ಕೆಲಸ

ವಕೀಲರು, ಪ್ರೋಗ್ರಾಮರ್‌ಗಳು, ತಂತ್ರಜ್ಞಾನದ ಪತ್ರಕರ್ತರು ಸೇರಿ ಕಟ್ಟಿದ 'ಸೇವ್ ದಿ ಇಂಟರ್ನೆಟ್' ತಂಡ ಹೊರಗೆ ಕಾಣಿಸಿಕೊಂಡದ್ದು ಘೋಷಣೆಗಳಿಂದ. ನಿಜವಾದ ಕೆಲಸ ನಡೆದದ್ದು ಬೇರೆ ಕಡೆ. ಮೊದಲು 118 ಪುಟಗಳನ್ನು ಸಾಮಾನ್ಯರು ಓದುವಷ್ಟಕ್ಕೆ ಇಳಿಸಿದರು. ಆಮೇಲೆ 20 ಪ್ರಶ್ನೆಗಳಿಗೂ ಕ್ರಮಸಂಖ್ಯೆ ಹಾಕಿ ಕರಡು ಉತ್ತರ ಬರೆದರು. ಮೂರನೆಯದು ಒಂದು ಗುಂಡಿ. ಅದನ್ನು ಒತ್ತಿದರೆ ಬಳಕೆದಾರನ ಸ್ವಂತ ಮೇಲ್ ಪೆಟ್ಟಿಗೆ ತೆರೆದುಕೊಂಡು, ಟ್ರಾಯ್ ವಿಳಾಸ, ವಿಷಯ ಮತ್ತು ಉತ್ತರಗಳು ತುಂಬಿಕೊಂಡ ಪತ್ರ ಎದುರಿಗೆ ಬರುತ್ತಿತ್ತು. ಓದಬಹುದು, ತಿದ್ದಬಹುದು, ಕೆಳಗೆ ಹೆಸರು ಹಾಕಿ ಕಳಿಸಬಹುದು.

ಈ ಮೂರನೆಯ ಅಂಶ ತಾಂತ್ರಿಕವಾಗಿ ಸಣ್ಣದು, ಪರಿಣಾಮದಲ್ಲಿ ದೊಡ್ಡದು. ಮೇಲ್ ಹೊರಡುವುದು ಕಳಿಸುವವರ ಸ್ವಂತ ಖಾತೆಯಿಂದ. ಹತ್ತು ಲಕ್ಷ ಮೇಲ್‌ಗಳಿಗೆ ಲಕ್ಷಾಂತರ ಬೇರೆಬೇರೆ ಮೂಲ. ಸ್ವೀಕರಿಸುವ ಸರ್ವರ್‌ಗೆ 'ಇದು ಒಂದೇ ಕಡೆಯಿಂದ ಬರುತ್ತಿರುವ ರಾಶಿ' ಎಂದು ತಡೆಹಿಡಿಯಲು ಒಂದು ವಿಳಾಸವಾಗಲಿ ಒಂದು ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲಿನ ಭಾಗ) ಆಗಲಿ ಸಿಗುವುದಿಲ್ಲ. ಸಾಮಾನ್ಯ ಸಹಿ ಸಂಗ್ರಹ ತಾಣಗಳಲ್ಲಿ ಇದರ ತಿರುವುಮುರುವು. ಅಲ್ಲಿ ಸಹಿಗಳೆಲ್ಲ ತಾಣದ ಡೇಟಾಬೇಸ್‌ನಲ್ಲಿ ಕೂರುತ್ತವೆ, ಇಲಾಖೆಗೆ ತಲುಪಿದರೆ ತಾಣದ ಒಂದೇ ವಿಳಾಸದಿಂದ ತಲುಪುತ್ತವೆ. ಗುಮಾಸ್ತನೊಬ್ಬ ಒಂದು ಫಿಲ್ಟರ್ ಹಾಕಿದರೆ ಕಥೆ ಮುಗಿಯಿತು. ಈ ಮಾತು ಎರಡನೇ ಅಭಿಯಾನದಲ್ಲಿ ಮತ್ತೆ ಬರುತ್ತದೆ.

ಏಪ್ರಿಲ್ 6ರಂದು ಏರ್‌ಟೆಲ್ ಝೀರೋ ಎಂಬ ಯೋಜನೆ ಪ್ರಕಟವಾಯಿತು. ಆ್ಯಪ್ ಕಂಪನಿ ದುಡ್ಡು ಕಟ್ಟಿದರೆ ಗ್ರಾಹಕನಿಗೆ ಆ ಆ್ಯಪ್‌ನ ಡೇಟಾ ಪುಕ್ಕಟೆ. ಅಲ್ಲಿಯವರೆಗೆ ಅಮೂರ್ತವಾಗಿದ್ದ ವಿಷಯಕ್ಕೆ ಒಂದು ಮುಖ ಸಿಕ್ಕಿತು. ಏಪ್ರಿಲ್ 11ರಂದು ಎಐಬಿ ಹಾಸ್ಯ ತಂಡದ ವಿಡಿಯೊ ಬಂದ ಮೇಲೆ ಮೇಲ್‌ಗಳ ವೇಗ ಏರಿತು. 14ರಂದು ಫ್ಲಿಪ್‌ಕಾರ್ಟ್ ಏರ್‌ಟೆಲ್ ಝೀರೋದಿಂದ ಹೊರಬಂತು. ಮರುದಿನ ಕ್ಲಿಯರ್‌ಟ್ರಿಪ್, ಫೇಸ್‌ಬುಕ್‌ನ ಇಂಟರ್ನೆಟ್ ಡಾಟ್ ಆರ್ಗ್‌ನಿಂದ ಹೊರನಡೆಯಿತು. 22ರಂದು ಲೋಕಸಭೆಯಲ್ಲಿ ವಿಷಯ ಪ್ರಸ್ತಾಪವಾಯಿತು.

ಇವುಗಳಲ್ಲಿ ಯಾವುದೂ ಟ್ರಾಯ್‌ನ ಕೆಲಸವಲ್ಲ. ಸಂಖ್ಯೆಗೆ ಬೆದರಿದ್ದು ನಿಯಂತ್ರಕ ಸಂಸ್ಥೆಯಲ್ಲ, ಹೆಸರು ಕೆಡುವ ಭಯವಿದ್ದ ಬ್ರ್ಯಾಂಡ್‌ಗಳು ಮತ್ತು ವೋಟು ಬೇಕಾದ ರಾಜಕಾರಣಿಗಳು. ಆನ್‌ಲೈನ್ ಅರ್ಜಿಯ ಲೆಕ್ಕ ಹಾಕುವವರು ಬಹುತೇಕ ತಪ್ಪುವುದು ಇಲ್ಲೇ: ಸಂಖ್ಯೆ ಎಲ್ಲಿ ಕೆಲಸ ಮಾಡುತ್ತದೆ, ವಾದ ಎಲ್ಲಿ ಕೆಲಸ ಮಾಡುತ್ತದೆ ಎಂಬ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಕೆಟ್ಟದ್ದೂ ಆಯಿತು. ಏಪ್ರಿಲ್ 27ರಂದು ಟ್ರಾಯ್ ತನಗೆ ಬಂದ ಮೇಲ್‌ಗಳನ್ನು ಕಳಿಸಿದವರ ಹೆಸರು ಮತ್ತು ಇ-ಮೇಲ್ ವಿಳಾಸದ ಸಮೇತ ತನ್ನ ಜಾಲತಾಣದಲ್ಲಿ ಹಾಕಿಬಿಟ್ಟಿತು. ಹತ್ತು ಲಕ್ಷ ವಿಳಾಸ, ಸ್ಪ್ಯಾಮ್ ಕಳಿಸುವವರಿಗೆ ಹಬ್ಬದೂಟ. ಜನ ಸಿಟ್ಟಾದರು. ಆದರೆ ಅಭಿಪ್ರಾಯಗಳನ್ನು ಪ್ರಕಟಿಸುವುದು ಟ್ರಾಯ್‌ನ ಹಳೆಯ ಪದ್ಧತಿ. ಪತ್ರ ಕಳಿಸಿದವರಲ್ಲಿ ಬಹುಪಾಲು ಜನರಿಗೆ ತಾವು ಸಾರ್ವಜನಿಕ ದಾಖಲೆಗೆ ಕಾಗದ ಸೇರಿಸುತ್ತಿದ್ದೇವೆ ಎಂಬುದು ಗೊತ್ತಿರಲಿಲ್ಲ, ಅಭಿಯಾನವೂ ಅದನ್ನು ಸಾಕಷ್ಟು ಒತ್ತಿ ಹೇಳಿರಲಿಲ್ಲ. ಇಂಥದಕ್ಕೆ ಬೇರೆ ಮೇಲ್ ವಿಳಾಸವೊಂದನ್ನು ಇಟ್ಟುಕೊಳ್ಳುವುದು, ಸಹಿಯ ಕೆಳಗೆ ಮೊಬೈಲ್ ನಂಬರ್, ಮನೆ ವಿಳಾಸ ಬರೆಯದಿರುವುದು ಒಳ್ಳೆಯದು.

ಇನ್ನು ಫಲಿತಾಂಶ. ಹತ್ತು ಲಕ್ಷ ಮೇಲ್ ಬಂದ ನಂತರ ಟ್ರಾಯ್ ಮಾರ್ಚ್ ಪತ್ರದ ಮೇಲೆ ಏನು ತೀರ್ಮಾನ ಕೊಟ್ಟಿತು? ಏನೂ ಇಲ್ಲ. ಜುಲೈನಲ್ಲಿ ದೂರಸಂಪರ್ಕ ಇಲಾಖೆಯ ಸಮಿತಿ ವರದಿ ಕೊಟ್ಟಿತು. ನೆಟ್ ನ್ಯೂಟ್ರಾಲಿಟಿಯ ಮೂಲ ತತ್ವ ಪಾಲಿಸಬೇಕು ಎಂದ ಆ ವರದಿಯೇ ಆ್ಯಪ್ ಮೂಲಕ ದೇಶದೊಳಗೆ ಮಾಡುವ ಕರೆಗಳನ್ನು ನಿಯಂತ್ರಣಕ್ಕೆ ತರಬೇಕು ಎಂದೂ ಹೇಳಿತು. ಟೆಲಿಕಾಂ ಕಂಪನಿಗಳು ಕೇಳುತ್ತಿದ್ದುದರ ಒಂದು ತುಂಡು ಅದು. 2015ರ ಆಗಸ್ಟ್‌ನಲ್ಲಿ ಯಾರಾದರೂ ಈ ಅಭಿಯಾನಕ್ಕೆ ಅಂಕ ಹಾಕಿದ್ದರೆ ಪಾಸು ಮಾಡುವುದು ಕಷ್ಟವಿತ್ತು.

ಎರಡನೇ ಅಭಿಯಾನ: ದೊಡ್ಡ ಸಂಖ್ಯೆ, ತಪ್ಪು ಉತ್ತರಪತ್ರಿಕೆ

ಇಂಟರ್ನೆಟ್ ಡಾಟ್ ಆರ್ಗ್ ಎಂಬ ಯೋಜನೆಯನ್ನು ಫೇಸ್‌ಬುಕ್ 2015ರ ಫೆಬ್ರವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆ ಭಾರತಕ್ಕೆ ತಂದಿತ್ತು. ಆಯ್ದ ಕೆಲವು ತಾಣಗಳು ಪುಕ್ಕಟೆ, ಉಳಿದ ಇಂಟರ್ನೆಟ್‌ಗೆ ದುಡ್ಡು. ಸೆಪ್ಟೆಂಬರ್‌ನಲ್ಲಿ ಅದರ ಹೆಸರು ಫ್ರೀ ಬೇಸಿಕ್ಸ್ ಆಯಿತು. ಡಿಸೆಂಬರ್ 9ರಂದು ಟ್ರಾಯ್ ಹೊಸ ಸಮಾಲೋಚನಾ ಪತ್ರ ತಂದಿತು. ಈ ಬಾರಿ 20 ಪ್ರಶ್ನೆಗಳ ಜಾತ್ರೆಯಿಲ್ಲ, ವಿಷಯ ಒಂದೇ: ಡೇಟಾಗೆ ದರ ತಾರತಮ್ಯ. ಪ್ರಶ್ನೆಗಳು ನಾಲ್ಕು. ಬೇರೆಬೇರೆ ತಾಣ, ಆ್ಯಪ್‌ಗಳಿಗೆ ಬೇರೆಬೇರೆ ದರ ಹಾಕಲು ಟೆಲಿಕಾಂ ಕಂಪನಿಗಳಿಗೆ ಬಿಡಬೇಕೇ? ಬಿಡುವುದಾದರೆ ತಾರತಮ್ಯ ಆಗದಂತೆ, ಸ್ಪರ್ಧೆ ಕೆಡದಂತೆ ಏನು ಕಟ್ಟುಪಾಡು ಬೇಕು? ದರ ವ್ಯತ್ಯಾಸ ಬಿಟ್ಟು, ಜನರಿಗೆ ಪುಕ್ಕಟೆ ಇಂಟರ್ನೆಟ್ ಕೊಡಲು ಬೇರೆ ದಾರಿ, ಬೇರೆ ತಂತ್ರಜ್ಞಾನ ಇದೆಯೇ? ಮತ್ತೇನಾದರೂ ಹೇಳುವುದಿದೆಯೇ?

ಅದೇ ಡಿಸೆಂಬರ್‌ನಲ್ಲಿ ಫ್ರೀ ಬೇಸಿಕ್ಸ್ ತಡೆಹಿಡಿಯಲು ಟ್ರಾಯ್ ರಿಲಯನ್ಸ್‌ಗೆ ಸೂಚಿಸಿತು. ಫೇಸ್‌ಬುಕ್ ತನ್ನ ಬಳಿಯಿದ್ದ ಅತಿ ದೊಡ್ಡ ಆಯುಧ ತೆಗೆಯಿತು, ಬಳಕೆದಾರರ ಪರದೆ. ಖಾತೆ ತೆರೆದವರ ಎದುರಿಗೆ ಒಂದು ಪೆಟ್ಟಿಗೆ: ಟ್ರಾಯ್‌ಗೆ ಸಂದೇಶ ಕಳಿಸಿ, ಫ್ರೀ ಬೇಸಿಕ್ಸ್ ಉಳಿಸಿ. ಒಬ್ಬರು ಕಳಿಸಿದರೆ ಅವರ ಗೆಳೆಯರಿಗೆ 'ಇಂಥವರು ಟ್ರಾಯ್‌ಗೆ ಬರೆದಿದ್ದಾರೆ, ನೀವೂ ಬರೆಯಿರಿ' ಎಂಬ ಸೂಚನೆ. ಅಮೆರಿಕ, ಬ್ರಿಟನ್‌ನ ಕೆಲವು ಬಳಕೆದಾರರಿಗೂ ಈ ಸೂಚನೆ ಹೋಗಿ, ಅದು ಕಣ್ತಪ್ಪಿನಿಂದ ಆದದ್ದು ಎಂದು ಕಂಪನಿ ಸಮಜಾಯಿಷಿ ಕೊಡಬೇಕಾಯಿತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬೇರೆ.

ಆ ಸಿದ್ಧ ಸಂದೇಶವನ್ನು ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಸಂದೇಶದ ತಿರುಳು ಇಷ್ಟು: ನಾನು ಡಿಜಿಟಲ್ ಸಮಾನತೆಯನ್ನು ಬೆಂಬಲಿಸುತ್ತೇನೆ, ಫ್ರೀ ಬೇಸಿಕ್ಸ್‌ನಿಂದ ಶಿಕ್ಷಣ, ಆರೋಗ್ಯ, ಉದ್ಯೋಗದ ಮಾಹಿತಿ ಪುಕ್ಕಟೆಯಾಗಿ ಸಿಗುತ್ತದೆ, ಅದನ್ನು ಉಳಿಸಿ. ಒಂದನೇ ಪ್ರಶ್ನೆ ಕೇಳಿದ್ದು ತತ್ವವನ್ನು. ಸಂದೇಶ ಹೇಳಿದ್ದು ಒಂದು ಉತ್ಪನ್ನದ ಹೆಸರನ್ನು. ಎರಡನೇ ಪ್ರಶ್ನೆ ಕೇಳಿದ ಕಟ್ಟುಪಾಡುಗಳ ಸುದ್ದಿಯೇ ಇಲ್ಲ. ಮೂರನೆಯದು, ಬೇರೆ ದಾರಿ ಇದೆಯೇ ಎಂಬುದು, ಈ ಅಭಿಯಾನಕ್ಕೆ ನಿಜಕ್ಕೂ ಬಿಸಿ ತುಪ್ಪ. ಬೇರೆ ದಾರಿ ಇದೆ ಎಂದರೆ ಫ್ರೀ ಬೇಸಿಕ್ಸ್ ಬೇಕಾಗಿಲ್ಲ, ಇಲ್ಲ ಎಂದರೆ ಅದನ್ನು ಸಾಬೀತು ಮಾಡಬೇಕು. ಸಂದೇಶ ಅದನ್ನು ಮುಟ್ಟಲೇ ಇಲ್ಲ. ಇತಿಹಾಸದ ಪರೀಕ್ಷೆಯಲ್ಲಿ ಹಸುವಿನ ಮೇಲೆ ಪ್ರಬಂಧ ಬರೆದಂತೆ. ಒಬ್ಬ ಬರೆದರೂ ಸೊನ್ನೆ, ಕೋಟಿ ಜನ ಬರೆದರೂ ಸೊನ್ನೆ.

ಟ್ರಾಯ್ ಇದನ್ನು ಮುಚ್ಚಿಡಲಿಲ್ಲ. ಬಂದಿರುವ ಪತ್ರಗಳು ಪ್ರಶ್ನೆಗಳಿಗೆ ಉತ್ತರಿಸುತ್ತಿಲ್ಲ, ನಿಮ್ಮ ಬಳಕೆದಾರರಿಗೆ ನಾಲ್ಕೂ ಪ್ರಶ್ನೆ ತಿಳಿಸಿ ಮತ್ತೆ ಉತ್ತರ ತರಿಸಿ ಎಂದು ಫೇಸ್‌ಬುಕ್‌ಗೇ ಬರೆಯಿತು. ಅಭಿಪ್ರಾಯದ ಗಡುವನ್ನು ಡಿಸೆಂಬರ್ 30ರಿಂದ ಜನವರಿ 7ಕ್ಕೆ ಮುಂದೂಡಿತು. ಪತ್ರ ವ್ಯವಹಾರ ಕಾವೇರಿ, ಜನವರಿ 18ರ ಕಾಗದದಲ್ಲಿ ಟ್ರಾಯ್ ಖಾರವಾಗಿಯೇ ಹೇಳಿತು: ತಿಳಿದು ತೀರ್ಮಾನಿಸಲು ಏರ್ಪಡಿಸಿದ ಸಮಾಲೋಚನೆಯನ್ನು ನೀವು ಬಹುಮತದ, ಮೊದಲೇ ಜೋಡಿಸಿದ ಜನಮತ ಎಣಿಕೆಯ ಮಟ್ಟಕ್ಕೆ ಇಳಿಸುತ್ತಿದ್ದೀರಿ.

ತಾಂತ್ರಿಕ ಎಡವಟ್ಟು ಇದರ ಮೇಲೊಂದು. ಈ ಮೇಲ್‌ಗಳಲ್ಲಿ ಬಹುಪಾಲು ಹೊರಟದ್ದು ಬಳಕೆದಾರರ ಸ್ವಂತ ಖಾತೆಯಿಂದಲ್ಲ, ಫೇಸ್‌ಬುಕ್‌ನ ಮೇಲ್ ಡೊಮೇನ್‌ನಿಂದ. ಡಿಸೆಂಬರ್ 17ರಂದು ಟ್ರಾಯ್ ಖಾತೆಯಿಂದ ಯಾರೋ ತಮ್ಮ ಮೇಲ್‌ಗಳನ್ನು ತಡೆಹಿಡಿದರು, ಹೀಗಾಗಿ ಹೆಚ್ಚಿನವು ತಲುಪಲೇ ಇಲ್ಲ ಎಂದು ಫೇಸ್‌ಬುಕ್ ದೂರಿತು. ಯಾರು, ಯಾಕೆ ಎಂಬುದನ್ನು ಪಕ್ಕಕ್ಕಿಡೋಣ. ಒಂದೇ ಡೊಮೇನ್‌ನಿಂದ ಲಕ್ಷಗಟ್ಟಲೆ ಮೇಲ್ ಬಂದರೆ ಒಂದೇ ಕ್ಲಿಕ್ಕಿನಲ್ಲಿ ಅಷ್ಟನ್ನೂ ನಿಲ್ಲಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಜಗತ್ತಿನ ಅತಿ ದೊಡ್ಡ ಸಾಮಾಜಿಕ ಜಾಲತಾಣ ಕಂಪನಿ ಎಡವಿದ ಜಾಗದಲ್ಲಿ ಏಪ್ರಿಲ್‌ನ ಸ್ವಯಂಸೇವಕರು ಎಡವಿರಲಿಲ್ಲ.

ಕೊನೆಗೆ ಟ್ರಾಯ್ ಲೆಕ್ಕಕ್ಕೆ ಸಿಕ್ಕಿದ್ದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪತ್ರ, ಬಹುಪಾಲು ಫೇಸ್‌ಬುಕ್ ಮೂಲಕ ಬಂದವು. ಎಣಿಸಿ ತೀರ್ಮಾನಿಸಿದ್ದರೆ ಫ್ರೀ ಬೇಸಿಕ್ಸ್ ಗೆಲ್ಲಬೇಕಿತ್ತು. ಜನವರಿ 21ರಂದು ದೆಹಲಿಯಲ್ಲಿ ಮುಕ್ತ ಚರ್ಚೆ ನಡೆಯಿತು. ಫೆಬ್ರವರಿ 8ರ ನಿಯಮ ಹೇಳಿದ್ದು: ವಿಷಯದ ಆಧಾರದ ಮೇಲೆ ಡೇಟಾ ದರದಲ್ಲಿ ತಾರತಮ್ಯ ಮಾಡುವಂತಿಲ್ಲ. ಮೀರಿದರೆ ದಿನಕ್ಕೆ ₹50,000, ಗರಿಷ್ಠ ₹50 ಲಕ್ಷ ದಂಡ. ತುರ್ತು ಸೇವೆಗೆ ವಿನಾಯಿತಿ ಉಂಟು, ಇಂಟರ್ನೆಟ್‌ಗೆ ತೆರೆದುಕೊಳ್ಳದ ಒಳಜಾಲಕ್ಕೂ ಉಂಟು. ಎರಡು ವರ್ಷದ ನಂತರ ಮರುಪರಿಶೀಲನೆಗೆ ಅವಕಾಶ. ಆ ವಾರವೇ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ನಿಲ್ಲಿಸಿತು.

ಸಂಖ್ಯೆ ಯಾಕೆ ತೂಗಲಿಲ್ಲ

ಟ್ರಾಯ್ ಅಧಿಕಾರಿಗಳು ಧೀರರು ಎಂದು ಹೊಗಳಿ ಮುಗಿಸುವ ವಿಷಯ ಇದಲ್ಲ. ಕಾರಣ ಕಾನೂನಿನಲ್ಲಿದೆ. 1997ರ ಟ್ರಾಯ್ ಕಾಯ್ದೆಯ 11(4)ನೇ ವಿಧಿ, ಅಧಿಕಾರ ಚಲಾಯಿಸುವಾಗ ಪಾರದರ್ಶಕವಾಗಿರಬೇಕು ಎಂದು ಸಂಸ್ಥೆಯನ್ನು ಕಟ್ಟಿಹಾಕಿದೆ. ಹಾಗಾಗಿ ಪ್ರತಿ ನಿಯಮದ ಜತೆ ಒಂದು ವಿವರಣಾ ಟಿಪ್ಪಣಿ ಬರುತ್ತದೆ: ಯಾರು ಏನು ಹೇಳಿದರು, ನಾವು ಯಾಕೆ ಒಪ್ಪಿದೆವು, ಯಾಕೆ ಒಪ್ಪಲಿಲ್ಲ. ನಿಯಮ ಕೋರ್ಟಿಗೆ ಹೋದಾಗ ಅದನ್ನು ಕಾಯುವುದು ಈ ಟಿಪ್ಪಣಿ. ಅದರಲ್ಲಿ 'ಹತ್ತೊಂಬತ್ತು ಲಕ್ಷ ಜನ ಬೇಕು ಅಂದರು, ಆದ್ದರಿಂದ' ಎಂದು ಬರೆದರೆ ಕೋರ್ಟಿನಲ್ಲಿ ಒಂದು ದಿನವೂ ನಿಲ್ಲುವುದಿಲ್ಲ.

ಇದು ಬಾಯಿಮಾತಿನ ಭಯವಲ್ಲ ಎಂಬುದು ಮೂರು ತಿಂಗಳಲ್ಲೇ ಗೊತ್ತಾಯಿತು. ಕಾಲ್ ಡ್ರಾಪ್ ಆದರೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ಕರೆಗೆ ಪರಿಹಾರ ಎಂಬ ಟ್ರಾಯ್‌ನ ಇನ್ನೊಂದು ನಿಯಮವನ್ನು 2016ರ ಮೇ 11ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜನಪ್ರಿಯತೆಯಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಕಾಲ್ ಡ್ರಾಪ್‌ಗೆ ಪರಿಹಾರ ಬೇಡ ಎನ್ನುವ ಗ್ರಾಹಕ ಯಾರಿದ್ದಾರೆ? ಆದರೂ ನಿಯಮ ವಿವೇಚನಾರಹಿತ, ಅದನ್ನು ರೂಪಿಸಿದ ರೀತಿಯಲ್ಲಿ ಪಾರದರ್ಶಕತೆ ಇರಲಿಲ್ಲ ಎಂದು ಬಿದ್ದುಹೋಯಿತು.

ಇಂಥ ಸಂಸ್ಥೆಗೆ ಬೇಕಾದದ್ದು ಟಿಪ್ಪಣಿಯಲ್ಲಿ ಎತ್ತಿ ಬರೆಯಬಹುದಾದ ವಾದ. ಫ್ರೀ ಬೇಸಿಕ್ಸ್ ವಿರೋಧಿಗಳು ಅದನ್ನು ರಾಶಿ ರಾಶಿ ಕೊಟ್ಟರು. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಜಂಟಿ ಹೇಳಿಕೆ ಬಂತು. ಸ್ಟಾರ್ಟ್‌ಅಪ್ ಸ್ಥಾಪಕರು ಬರೆದರು. ಮೂರನೇ ಪ್ರಶ್ನೆಗೆ, ಯಾವ ತಾಣಕ್ಕಾದರೂ ಬಳಸಬಹುದಾದ ಇಂತಿಷ್ಟು ಡೇಟಾವನ್ನು ಪುಕ್ಕಟೆ ಕೊಡಬಹುದಲ್ಲ ಎಂಬ ನೇರ ಉತ್ತರ ಸಿಕ್ಕಿತು. ಇಂಟರ್ನೆಟ್ ಇನ್ನೂ ಕಾಣದವನಿಗೆ ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬುದೇ ತಿಳಿದಿರುವುದಿಲ್ಲ, ಹಾಗಾಗಿ ಅವನ ಒಪ್ಪಿಗೆಯನ್ನು ಪೂರ್ತಿ ಒಪ್ಪಿಗೆ ಎನ್ನಲಾಗದು ಎಂಬ ಧಾಟಿಯ ತರ್ಕ ಅಂತಿಮ ಟಿಪ್ಪಣಿಯಲ್ಲೂ ಇದೆ.

ಆದರೆ ಏಪ್ರಿಲ್‌ನ ಹತ್ತು ಲಕ್ಷವನ್ನು ಪುಟಕ್ಕಿಟ್ಟ ಚಿನ್ನ ಎನ್ನುವ ಹಾಗಿಲ್ಲ. ಅವೂ ಬಹುಪಾಲು ಅಚ್ಚು ಒತ್ತಿದ ಪ್ರತಿಗಳೇ. 'ಮೊದಲೇ ಜೋಡಿಸಿದ' ಎಂಬ ಟ್ರಾಯ್ ಮಾತು ಅವುಗಳಿಗೂ ತಗಲುತ್ತದೆ. ವ್ಯತ್ಯಾಸ ಇಷ್ಟೇ: ಅಚ್ಚಿನಲ್ಲಿ 20 ಪ್ರಶ್ನೆಗೆ ಉತ್ತರ ಇತ್ತು. ಹತ್ತು ಲಕ್ಷ ಪ್ರತಿಗಳನ್ನು ಓದಬೇಕಾಗಿಲ್ಲ, ಒಂದನ್ನು ಓದಿದರೂ ಕೆಲಸಕ್ಕೆ ಬರುತ್ತದೆ. ನಿಯಂತ್ರಕನ ದೃಷ್ಟಿಯಲ್ಲಿ ಹತ್ತು ಲಕ್ಷ ಒಂದೇ ಥರದ ಪತ್ರ ಎಂದರೆ ಒಂದು ಪತ್ರ. ಮಿಕ್ಕ 9,99,999 ಪತ್ರಗಳು ಮಾಡಿದ ಕೆಲಸ ಬೇರೆ: ಈ ವಿಷಯವನ್ನು ಮೂರು ಕಂಪನಿ, ಒಂದು ಇಲಾಖೆ ನಾಲ್ಕು ಗೋಡೆಯೊಳಗೆ ಮುಗಿಸಿಬಿಡದಂತೆ ತಡೆದದ್ದು. ಹತ್ತು ತಿಂಗಳು ಕಾಲ ಅದನ್ನು ಬಿಸಿಯಾಗಿಟ್ಟದ್ದು. ಏಪ್ರಿಲ್ ಇಲ್ಲದಿದ್ದರೆ ಡಿಸೆಂಬರ್‌ನ ನಾಲ್ಕು ಪ್ರಶ್ನೆಗಳು ಆ ರೂಪದಲ್ಲಿ ಬರುತ್ತಿದ್ದವು ಎಂದು ನಂಬುವುದು ಕಷ್ಟ.

ಬಾಗಿಲು ತಪ್ಪಿದರೆ

2020ರ ಪರಿಸರ ಪರಿಣಾಮ ಅಂದಾಜು ಕರಡು ಅಧಿಸೂಚನೆಯ ಕಾಲದಲ್ಲಿ ಇದೇ ಮೇಲ್ ತಂತ್ರ ಬಳಕೆಯಾಯಿತು. ಕರಡನ್ನು ವಿರೋಧಿಸಿ ಲಕ್ಷಗಟ್ಟಲೆ ಮೇಲ್ ಹೋದವು. ಅವುಗಳಲ್ಲಿ ಒಂದಷ್ಟು ಹೋದದ್ದು ಪರಿಸರ ಸಚಿವರ ಮೇಲ್ ಪೆಟ್ಟಿಗೆಗೆ. ಅಲ್ಲಿಂದ ದೂರು ಹೋಗಿ, ದೆಹಲಿ ಪೊಲೀಸರು ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ ಎಂಬ ಯುವ ಪರಿಸರ ಹೋರಾಟಗಾರರ ಗುಂಪಿನ ಜಾಲತಾಣ ತಡೆಯಲು ನೋಟಿಸ್ ಕೊಟ್ಟರು. ಅದರಲ್ಲಿ ಭಯೋತ್ಪಾದನೆಯಂಥ ಪ್ರಕರಣಗಳಿಗೆ ಬಳಸುವ ಯುಎಪಿಎ ಕಾಯ್ದೆಯ ಹೆಸರಿತ್ತು; ಆಮೇಲೆ ಅದು ಬರವಣಿಗೆಯ ತಪ್ಪು ಎಂದು ಹಿಂತೆಗೆದುಕೊಂಡರು. ಅಭಿಪ್ರಾಯಕ್ಕೆಂದೇ ಗೊತ್ತುಮಾಡಿದ ವಿಳಾಸಕ್ಕೆ ಹೋದ ಪತ್ರ ದಾಖಲೆಯಾಗುತ್ತದೆ, ಸಚಿವರ ವಿಳಾಸಕ್ಕೆ ರಾಶಿಯಾಗಿ ಹೋದ ಅದೇ ಪತ್ರ ಕಿರುಕುಳ ಎನಿಸಿಕೊಳ್ಳುತ್ತದೆ.

ಆ ಕರಡಿಗೆ ಅಡ್ಡಗಾಲಾದದ್ದು ಬೇರೆ ಸಂಗತಿ. ಕರಡು ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ಇತರ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕನ್ನಡದಂಥ ಭಾಷೆಗಳಲ್ಲಿ ಪ್ರಚಾರವೇ ಇಲ್ಲದೆ ಅಭಿಪ್ರಾಯ ಕೇಳಿದ್ದನ್ನು ಗಮನಿಸಿ, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಮೇಲ್ ಕಳಿಸುವವರು ನೆನಪಿಡಬೇಕಾದ ಸೂಕ್ಷ್ಮ ಇದು: ಕರಡಿನ ಒಳಗಿನ ತಪ್ಪಿಗಿಂತ ಕರಡು ಜನರ ಮುಂದೆ ಬಂದ ರೀತಿಯ ತಪ್ಪು ಕೋರ್ಟಿನಲ್ಲಿ ಬೇಗ ಹಿಡಿತಕ್ಕೆ ಸಿಗುತ್ತದೆ.

ಬಾಗಿಲು ಸರಿಯಿದ್ದೂ ಒಳಗೆ ಯಾವ ಕೋಣೆ ಇದೆ ಎಂಬುದು ಮುಖ್ಯ. ಬ್ರಿಟನ್ ಸಂಸತ್ತಿನ ಇ-ಅರ್ಜಿ ತಾಣದಲ್ಲಿ 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. 2019ರಲ್ಲಿ ಐರೋಪ್ಯ ಒಕ್ಕೂಟ ಬಿಡುವ ನಿರ್ಧಾರವನ್ನೇ ರದ್ದುಮಾಡಿ ಎಂಬ ಅರ್ಜಿಗೆ 61 ಲಕ್ಷ ಸಹಿ ಬಿದ್ದವು. ತಾಣ ನಡುವೆ ಕುಸಿದೂ ಬಿತ್ತು. ರದ್ದು ಮಾಡುವುದಿಲ್ಲ ಎಂದು ಸರ್ಕಾರ ಉತ್ತರ ಕೊಟ್ಟಿತು, ಏಪ್ರಿಲ್ 1ರಂದು ಚರ್ಚೆ ನಡೆಯಿತು. ನಿಯಮದಂತೆ ಸಿಗಬೇಕಾದ್ದೆಲ್ಲ ಸಿಕ್ಕಿತು, ಯಾಕೆಂದರೆ ಆ ಬಾಗಿಲು ತೆರೆಯುವುದು ಚರ್ಚೆಯ ಕೋಣೆಗೆ, ತೀರ್ಮಾನದ ಕೋಣೆಗಲ್ಲ. ನಮ್ಮಲ್ಲಿ ಖಾಸಗಿ ಸಹಿ ತಾಣಗಳ ಸಂಖ್ಯೆಗೆ ಅಷ್ಟು ಬೆಲೆಯೂ ಇಲ್ಲ. ಹತ್ತು ಸಹಿ ಬಂದರೂ ಹತ್ತು ಲಕ್ಷ ಬಂದರೂ ಇಲಾಖೆ ಉತ್ತರಿಸಲೇಬೇಕೆಂಬ ಕಾನೂನಿಲ್ಲ.

ಹಾಗಾದರೆ ಪತ್ರ ಹೇಗಿರಬೇಕು

ಮೊದಲು ನೋಡಬೇಕಾದ್ದು ಸರ್ಕಾರ ತಾನಾಗಿ ಅಭಿಪ್ರಾಯ ಕೇಳಿದೆಯೇ ಎಂಬುದನ್ನು. ಕೇಳಿದ್ದರೆ ಸಹಿ ಸಂಗ್ರಹದ ತಾಣಕ್ಕೆ ಹೋಗುವ ಅಗತ್ಯವೇ ಇಲ್ಲ. ಹಲವು ಕಾಯ್ದೆಗಳಡಿ ನಿಯಮ ಮಾಡುವ ಮೊದಲು ಕರಡು ಪ್ರಕಟಿಸಬೇಕು. ಅಂಥ ಕಡೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ವಿಧಿ ಅನ್ವಯಿಸುತ್ತದೆ. ಗಡುವಿನೊಳಗೆ ಬಂದ ಆಕ್ಷೇಪ, ಸಲಹೆಗಳನ್ನು ಪರಿಗಣಿಸಲೇಬೇಕು ಎನ್ನುತ್ತದೆ ಅದು. ಒಪ್ಪಬೇಕು ಎಂದಲ್ಲ, ಪರಿಗಣಿಸಬೇಕು ಎಂದು. 'ಗಡುವಿನೊಳಗೆ' ಎಂಬ ಪದಕ್ಕೆ ಇಲ್ಲಿ ಜೀವವಿದೆ. ಒಂದು ದಿನ ತಡವಾದ ಪತ್ರಕ್ಕೆ ಕಾನೂನಿನ ಬಲ ಇಲ್ಲ.

ಪತ್ರದ ವಿಷಯ ಸಾಲಿನಲ್ಲಿ ಕರಡಿನ ಸಂಖ್ಯೆ, ದಿನಾಂಕ. ಒಳಗೆ ಅವರ ಪ್ರಶ್ನೆಯ ಸಂಖ್ಯೆ ಹಾಕಿ ಅದರ ಕೆಳಗೇ ಉತ್ತರ. ಪ್ರಶ್ನೆಗಳಿಲ್ಲದ ಕರಡಾದರೆ ಕಲಂ ಸಂಖ್ಯೆ. ಉತ್ತರದ ಮೊದಲ ಪದ 'ಹೌದು' ಅಥವಾ 'ಇಲ್ಲ' ಆಗಿರಲಿ. ಪಟ್ಟಿ ತಯಾರಿಸುವ ಕಿರಿಯ ಅಧಿಕಾರಿ ಮೊದಲು ಹುಡುಕುವುದು ಅದನ್ನೇ. ಆಮೇಲೆ ಒಂದು ಕಾರಣ, ಆ ಕಾರಣಕ್ಕೊಂದು ಆಧಾರ, ಕೊನೆಗೆ ತಿದ್ದುಪಡಿಯ ಸಿದ್ಧ ವಾಕ್ಯ. 'ಈ ಕರಡು ಜನವಿರೋಧಿ, ಕೂಡಲೇ ಹಿಂಪಡೆಯಿರಿ' ಎಂಬ ಪತ್ರ 'ವಿರೋಧ' ಎಂಬ ಅಂಕಣದಲ್ಲಿ ಒಂದು ಗೆರೆಯಾಗುತ್ತದೆ. '7ನೇ ಕಲಮಿನಲ್ಲಿ 20 ದಿನ ಎಂದಿದೆ. ಗ್ರಾಮಸಭೆ ಕರೆಯಲು ಕೊಡಬೇಕಾದ ಮುಂಚಿನ ನೋಟಿಸಿಗೇ ಅದರಲ್ಲಿ ಅರ್ಧ ಕಳೆಯುತ್ತದೆ. 20ರ ಬದಲು 45 ಎಂದಾಗಲಿ' ಎಂಬ ಪತ್ರಕ್ಕೆ ಕಡತದಲ್ಲಿ ಉತ್ತರ ಬರೆಯಬೇಕಾಗುತ್ತದೆ. ಒಪ್ಪದಿದ್ದರೂ ಯಾಕೆ ಒಪ್ಪಲಿಲ್ಲ ಎಂದು ಬರೆಯಬೇಕು.

ಗುಂಪಾಗಿ ಕಳಿಸುವವರು ಒಂದೇ ಕರಡನ್ನು ಎಲ್ಲರಿಗೂ ಹಂಚುವ ಬದಲು ಪ್ರಶ್ನೆಗಳನ್ನು ಹಂಚಿಕೊಳ್ಳುವುದು ಮೇಲು. ಮೀನುಗಾರರ ಗುಂಪು ಒಂದು ಕಲಂ ಹಿಡಿಯಲಿ, ವೈದ್ಯರು ಇನ್ನೊಂದನ್ನು. ಐವತ್ತು ಬೇರೆಬೇರೆ ಪತ್ರ ಕಡತದಲ್ಲಿ ಐವತ್ತಾಗಿಯೇ ನಿಲ್ಲುತ್ತವೆ. ಟ್ರಾಯ್‌ನಲ್ಲಿ ಪ್ರತಿ ಅಭಿಪ್ರಾಯದ ಎರಡು ವಾರ ಇರುತ್ತದಲ್ಲ, ಅದನ್ನು ಸಾಮಾನ್ಯರು ಬಳಸುವುದೇ ಇಲ್ಲ. ಕಂಪನಿಗಳು ಬರೆದದ್ದೆಲ್ಲ ಆ ಹೊತ್ತಿಗೆ ತಾಣದಲ್ಲಿ ಬಿದ್ದಿರುತ್ತದೆ. ಅವರ ಪತ್ರದ ಇಂಥ ಪುಟದ ಇಂಥ ಅಂಕಿ ತಪ್ಪು ಎಂದು ತೋರಿಸುವ ಅರ್ಧ ಪುಟ, ಮೊದಲ ಸುತ್ತಿನ ಹತ್ತು ಪುಟಕ್ಕಿಂತ ಚುರುಕಾಗಿ ತಾಗುತ್ತದೆ.

ಆಮೇಲೆ ಕಾಯುವುದು. ಕಾಯುವಾಗ ಕೈಯಲ್ಲಿರುವ ಸಾಧನ ಮಾಹಿತಿ ಹಕ್ಕು: ₹10 ಶುಲ್ಕ, 30 ದಿನ. ಕೇಂದ್ರ ಇಲಾಖೆಗಳಿಗೆ ಆನ್‌ಲೈನ್‌ನಲ್ಲೇ ಹಾಕಬಹುದು. 'ನನ್ನ ಪತ್ರದ ಮೇಲೆ ಏನು ಕ್ರಮ' ಎಂದು ಕೇಳಿದರೆ 'ಪರಿಶೀಲನೆಯಲ್ಲಿದೆ' ಎಂಬ ಒಂದು ಸಾಲು ಬರುತ್ತದೆ. 'ಇಂಥ ದಿನಾಂಕದ ಕರಡಿಗೆ ಬಂದ ಆಕ್ಷೇಪಗಳ ಪಟ್ಟಿ ಮತ್ತು ಅವುಗಳ ಮೇಲಿನ ಕಡತ ಟಿಪ್ಪಣಿಯ ಪ್ರತಿ ಕೊಡಿ' ಎಂದು ದಾಖಲೆಯನ್ನೇ ಕೇಳಬೇಕು. ಪಟ್ಟಿಯೇ ತಯಾರಾಗಿಲ್ಲ ಎಂಬ ಉತ್ತರ ಬಂದರೆ ಅದು ವಕೀಲರಿಗೆ ಒಳ್ಳೆಯ ಸಾಮಗ್ರಿ.

ಆಮೇಲೆ ಏನಾಯಿತು

2016ರ ನಿಯಮ ದರಕ್ಕೆ ಮಾತ್ರ ಸಂಬಂಧಿಸಿತ್ತು. ವೇಗ ತಗ್ಗಿಸುವುದು, ತಾಣ ತಡೆಯುವುದು ಅದರ ವ್ಯಾಪ್ತಿಗೆ ಬಂದಿರಲಿಲ್ಲ. ಅದಕ್ಕೆ ಮತ್ತೊಂದು ಸುತ್ತು ಬೇಕಾಯಿತು: 2017ರ ಜನವರಿಯಲ್ಲಿ ಸಮಾಲೋಚನಾ ಪತ್ರ, ನವೆಂಬರ್ 28ರಂದು ಶಿಫಾರಸು, 2018ರ ಜುಲೈನಲ್ಲಿ ಸರ್ಕಾರದ ಒಪ್ಪಿಗೆ. ಮೊದಲ ಮೇಲ್ ಹೊರಟಾಗಿನಿಂದ ಲೆಕ್ಕ ಹಾಕಿದರೆ ಮೂರು ವರ್ಷ ಮೂರು ತಿಂಗಳು. ಏಪ್ರಿಲ್‌ನ ಸ್ವಯಂಸೇವಕರಲ್ಲಿ ಕೆಲವರು 2016ರಲ್ಲೇ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಎಂಬ ಕಾಯಂ ಸಂಸ್ಥೆ ಕಟ್ಟಿಕೊಂಡಿದ್ದರು.

2015ರ ಮಾರ್ಚ್ ಪತ್ರದ ಮೂಲ ಪ್ರಶ್ನೆ, ಆ್ಯಪ್‌ಗಳಿಗೆ ಲೈಸೆನ್ಸ್ ಬೇಕೇ ಎಂಬುದು, 2018ರ ನವೆಂಬರ್‌ನಲ್ಲಿ ಹೊಸ ಪತ್ರವಾಗಿ ಬಂತು. 2020ರ ಸೆಪ್ಟೆಂಬರ್ 14ರಂದು ಟ್ರಾಯ್, ಸದ್ಯಕ್ಕೆ ಯಾವ ನಿಯಂತ್ರಣವೂ ಬೇಡ ಎಂದಿತು. 2023ರ ಜುಲೈ 7ರಂದು ಅದೇ ಪ್ರಶ್ನೆ ಮತ್ತೆ ಸಮಾಲೋಚನೆಗೆ ಬಂತು. ಟೆಲಿಕಾಂ ಕಂಪನಿಗಳ ಸಂಘ ಈ ಸಲವೂ ಪ್ರಶ್ನೆ ಪ್ರಶ್ನೆಗೂ ಸಂಖ್ಯೆ ಹಾಕಿ ಉತ್ತರ ಸಲ್ಲಿಸಿತು.